ಸಹಿ ಹಾಕದ ಧೂಳು

ರಾಬರ್ಟ್‌ಸನ್‌ಪೇಟೆ ಹುಟ್ಟಿದ್ದೇ ಒಳ್ಳೆ ಗಾಳಿಗೋಸ್ಕರ. ತಮಾಷೆ ಅಲ್ಲ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು, ಪೇಟೆಯ ಇಕ್ಕಟ್ಟಿನಿಂದ ಜನರನ್ನ ಹೊರಗೆ ತರಬೇಕು ಅಂತ ಮಲ್ಲೇಶ್ವರ, ಬಸವನಗುಡಿ ಎದ್ದವು. ಅದೇ ಕಾಲದ, ಅದೇ ಯೋಚನೆಯ ಕೂಸು ಇದು. ಕೋಲಾರದ ಚಿನ್ನದ ಗಣಿಗಳ ಸುತ್ತ ತಟ್ಟಿ ಗೋಡೆಯ ಮನೆಗಳು ಒಂದಕ್ಕೊಂದು ಅಂಟಿಕೊಂಡು ಬೆಳೆದಿದ್ದವು. ಹೊರಗೆ ಅಗಲವಾದ ರಸ್ತೆ, ಗೆರೆ ಹೊಡೆದ ಹಾಗೆ ಕ್ರಾಸುಗಳು ಇರೋ ಒಂದು ಪೇಟೆ ಬೇಕು ಅಂತ ಸರ್ಕಾರಕ್ಕೆ ಅನ್ನಿಸಿತು. ಇಪ್ಪತ್ತನೇ ಶತಮಾನದ ಮೊದಲ ವರ್ಷಗಳಲ್ಲಿ ಪೇಟೆ ಎದ್ದಿತು. ಆಗ ಮೈಸೂರಿನ ರೆಸಿಡೆಂಟ್ ಆಗಿದ್ದವರು ಸರ್ ಡೊನಾಲ್ಡ್ ರಾಬರ್ಟ್‌ಸನ್, ಹಾಗಾಗಿ ರಾಬರ್ಟ್‌ಸನ್‌ಪೇಟೆ.

ನಾನು ಬಂಗಾರಪೇಟೆ ಕಡೆಯವನು. (ಹೌದು, ಆ ಬಿಳಿ ಪಾನಿಯ ಪಾನಿಪುರಿಯ ಬಂಗಾರಪೇಟೆ. ಅದರ ಬಗ್ಗೆ ಇನ್ನೊಂದು ದಿನ.) ಮಾರಿಕುಪ್ಪಂನಿಂದ ಬೆಳಗ್ಗೆ ಬೆಳಗ್ಗೆ ಹೊರಡೋ ರೈಲು ನಮ್ಮೂರಿಗೆ ಬರೋ ಹೊತ್ತಿಗೆ ಕೂರೋಕೆ ಸೀಟು ಇರಲ್ಲ. ಅದರ ತುಂಬ ಕೆಜಿಎಫ್ ಜನ. ವೈಟ್‌ಫೀಲ್ಡ್‌ನಲ್ಲಿ ಅರ್ಧ ಬೋಗಿ ಖಾಲಿಯಾಗುತ್ತೆ. ಅವರಲ್ಲಿ ಬಹಳಷ್ಟು ಜನರ ಅಪ್ಪ, ತಾತ, ಮುತ್ತಾತ ಇಳಿದದ್ದು ಭೂಮಿಯ ಒಳಗೆ. ಮೊಮ್ಮಕ್ಕಳು ಈಗ ಲಿಫ್ಟ್‌ನಲ್ಲಿ ಏಳನೇ ಮಹಡಿಗೆ ಹತ್ತುತ್ತಾರೆ. ನಿಮ್ಮ ಪಕ್ಕದ ಕ್ಯೂಬಿಕಲ್‌ನಲ್ಲೇ ಒಬ್ಬರು ಇರಬಹುದು, ಕೇಳಿ ನೋಡಿ. ಅವರ ಊರಿನ ಹೆಸರು ಹೇಳಿದರೆ ಜನ ಕೇಳೋ ಮೊದಲ ಪ್ರಶ್ನೆ ಯಶ್ ಬಗ್ಗೆ. ಎರಡನೇ ಪ್ರಶ್ನೆ, ಆ ಸೈನೈಡ್ ಗುಡ್ಡ ನಿಜವಾಗಲೂ ಇದೆಯಾ?

ಇದೆ. 2018ರ ಸಿನಿಮಾದಲ್ಲಿ ನೋಡಿದ ಆ ಬೋಳು, ಚಪ್ಪಟೆ ತಲೆಯ, ಸೀಳು ಸೀಳಾದ ದಿಬ್ಬಗಳು ಸೆಟ್ ಅಲ್ಲ. ಒಟ್ಟು 13 ಇವೆ. ಅವುಗಳ ಕೆಳಗೆ ಸಾವಿರ ಎಕರೆಯಷ್ಟು ಜಾಗ, ಅವುಗಳಲ್ಲಿ ಸುಮಾರು 3.3 ಕೋಟಿ ಟನ್ ಮಣ್ಣು. ಮಣ್ಣು ಅನ್ನೋದು ಸರಿಯಾದ ಪದ ಅಲ್ಲ. ಅದು ಕಲ್ಲನ್ನ ಅರೆದ ಹಿಟ್ಟು. 120 ವರ್ಷದ ಗಣಿಗಾರಿಕೆಯಲ್ಲಿ ಇಲ್ಲಿಂದ ಸುಮಾರು 800 ಟನ್ ಚಿನ್ನ ಹೋಯಿತು ಅಂತ ಲೆಕ್ಕ. ಅದರ ಜೊತೆಗೆ ಮೇಲೆ ಬಂದದ್ದೆಲ್ಲ ಇಲ್ಲೇ ಉಳಿಯಿತು. ಚಿನ್ನ ಹೋದ ಊರಿನಲ್ಲಿ ಹೊಟ್ಟು ಉಳಿದುಕೊಂಡಿತು ಅನ್ನಿ.

ನನ್ನ ತಕರಾರು ಇರೋದು ಆ ಹೆಸರಿನ ಮೇಲೆ. ಸೈನೈಡ್ ಗುಡ್ಡ ಅನ್ನೋ ಹೆಸರು ನಮ್ಮ ಗಮನವನ್ನ ನೂರು ವರ್ಷದಿಂದ ತಪ್ಪು ಕಡೆಗೆ ತಿರುಗಿಸಿದೆ.

ಹೆಸರು ಬಂದದ್ದು ಹೀಗೆ. 1887ರಲ್ಲಿ ಗ್ಲಾಸ್ಗೋದ ಜಾನ್ ಮ್ಯಾಕ್‌ಆರ್ಥರ್ ಅನ್ನೋ ಕೆಮಿಸ್ಟ್, ಫಾರೆಸ್ಟ್ ಅನ್ನೋ ವೈದ್ಯ ಸಹೋದರರ ಜೊತೆ ಸೇರಿ ಒಂದು ವಿಧಾನಕ್ಕೆ ಪೇಟೆಂಟ್ ತೆಗೆದ. ಪುಡಿ ಮಾಡಿದ ಅದಿರಿಗೆ ತೆಳುವಾದ ಸೈನೈಡ್ ದ್ರಾವಣ ಹಾಕಿದರೆ ಚಿನ್ನ ಅದರಲ್ಲಿ ಕರಗಿ ಬರುತ್ತೆ, ಆಮೇಲೆ ಸತುವಿನಿಂದ ಅದನ್ನ ಹಿಡಿಯಬಹುದು. ಅಲ್ಲಿವರೆಗೆ ಪಾದರಸಕ್ಕೆ ಸಿಗದೆ ವ್ಯರ್ಥವಾಗಿ ಹೋಗ್ತಿದ್ದ ಚಿನ್ನವೂ ಕೈಗೆ ಬಂತು. 1890ರ ದಶಕದಲ್ಲಿ ಈ ವಿಧಾನ ಕೋಲಾರಕ್ಕೂ ಬಂತು. ಸೈನೈಡ್ ತೊಟ್ಟಿಯಿಂದ ಹೊರಬಿದ್ದ ಕೆಸರನ್ನ ರಾಶಿ ಹಾಕಿದರು, ರಾಶಿ ದಿಬ್ಬ ಆಯ್ತು, ದಿಬ್ಬ ಗುಡ್ಡ ಆಯ್ತು.

ಆದರೆ ಸೈನೈಡ್ ಒಂದು ವಿಚಿತ್ರ ವಿಷ. ಕೊಂದರೆ ನಿಮಿಷಗಳಲ್ಲಿ ಕೊಲ್ಲುತ್ತೆ, ಇಲ್ಲಾಂದ್ರೆ ಹೊರಟುಹೋಗುತ್ತೆ. ಬಿಸಿಲಿಗೆ, ಗಾಳಿಗೆ, ಬ್ಯಾಕ್ಟೀರಿಯಾಗಳಿಗೆ ಅದು ಒಡೆದುಹೋಗುತ್ತೆ. ಲೋಹಗಳ ಜೊತೆ ಗಟ್ಟಿಯಾಗಿ ಬೆಸೆದುಕೊಂಡ ಒಂದಿಷ್ಟು ಮಾತ್ರ ಹಟ ಹಿಡಿದು ಕೂರುತ್ತೆ. ಕ್ಯಾನ್ಸರ್‌ಗಂತೂ ಅದಕ್ಕೆ ಸಂಬಂಧ ಇಲ್ಲ. ಕೋಲಾರದ ಬಿಸಿಲಲ್ಲಿ ದಶಕಗಳ ಕಾಲ ಬಿದ್ದಿರೋ ಗುಡ್ಡದ ಮೇಲ್ಮೈ ಬಗ್ಗೆ ಚಿಂತೆ ಮಾಡಬೇಕಾದರೆ ಸೈನೈಡ್ ನನ್ನ ಪಟ್ಟಿಯಲ್ಲಿ ಮೊದಲನೆಯದಲ್ಲ. ಮೊದಲನೆಯದು ಕಲ್ಲು. ಬರೀ ಕಲ್ಲು.

ಕೋಲಾರದ ಚಿನ್ನ ಇದ್ದದ್ದು ಬೆಣಚುಕಲ್ಲಿನ ಪದರದಲ್ಲಿ. ಚಾಂಪಿಯನ್ ರೀಫ್ ಅಂತ ಹೆಸರಾದದ್ದು ಅದೇ ಪದರ. ಬೆಣಚುಕಲ್ಲು ಅಂದರೆ ಕ್ವಾರ್ಟ್ಜ್, ಕ್ವಾರ್ಟ್ಜ್ ಅಂದರೆ ಹರಳುಗಟ್ಟಿದ ಸಿಲಿಕಾ. ಕೈಯಲ್ಲಿ ಹಿಡಿದರೆ ಏನೂ ಮಾಡಲ್ಲ. ಮಕ್ಕಳು ಎರಡು ಬೆಣಚುಕಲ್ಲು ಉಜ್ಜಿ ಕಿಡಿ ಹಾರಿಸ್ತಾರೆ. ಆದರೆ ಕಣ್ಣಿಗೆ ಕಾಣದಷ್ಟು ಸಣ್ಣದಾಗಿ ಅರೆದರೆ ಕಥೆ ಬೇರೆ. ನಮ್ಮ ಕೂದಲಿನ ದಪ್ಪ ಸುಮಾರು 70 ಮೈಕ್ರಾನ್. ಐದು ಮೈಕ್ರಾನ್‌ಗಿಂತ ಸಣ್ಣ ಕಣ ಮೂಗು, ಗಂಟಲು ಎಲ್ಲ ದಾಟಿ ಶ್ವಾಸಕೋಶದ ತುತ್ತತುದಿಯ ಗಾಳಿಚೀಲಕ್ಕೆ ಹೋಗಿ ಕೂರುತ್ತೆ. ಅಲ್ಲಿ ಕಸ ಗುಡಿಸೋ ಜೀವಕೋಶಗಳು ಅದನ್ನ ನುಂಗುತ್ತವೆ. ಕಲ್ಲು ಜೀರ್ಣ ಆಗಲ್ಲ, ನುಂಗಿದ ಜೀವಕೋಶ ಸಾಯುತ್ತೆ, ಕಲ್ಲು ಹೊರಬೀಳುತ್ತೆ, ಮುಂದಿನದು ಬಂದು ನುಂಗುತ್ತೆ. ಪ್ರತಿ ಸುತ್ತಿಗೂ ಸ್ವಲ್ಪ ಗಾಯ, ಸ್ವಲ್ಪ ಕಲೆ. ಇದಕ್ಕೆ ಸಿಲಿಕೋಸಿಸ್ ಅಂತಾರೆ. ಕೆಲಸ ಬಿಟ್ಟರೂ ಅದು ಬಿಡಲ್ಲ, ಒಳಗೆ ಬೆಳೀತಾನೇ ಇರುತ್ತೆ. ಜೊತೆಗೆ ಟಿಬಿಯನ್ನ ಕೈಹಿಡಿದು ಕರೆತರುತ್ತೆ.

ಇನ್ನೊಂದು ವಿಷಯ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಕ್ಯಾನ್ಸರ್‌ಕಾರಕಗಳನ್ನ ಗುಂಪು ಮಾಡುತ್ತೆ. ಒಂದನೇ ಗುಂಪು ಅಂದರೆ ಮನುಷ್ಯರಿಗೆ ಕ್ಯಾನ್ಸರ್ ತರುತ್ತೆ ಅಂತ ಖಚಿತವಾದದ್ದು. ಆಸ್ಬೆಸ್ಟಾಸ್, ಅಂದರೆ ನಮ್ಮ ಕಲ್ನಾರು, ಅಲ್ಲಿ ದಶಕಗಳಿಂದ ಇದೆ. 1997ರಲ್ಲಿ, ಕೆಲಸದ ಜಾಗಗಳಲ್ಲಿ ಉಸಿರಿಗೆ ಸೇರೋ ಹರಳು ಸಿಲಿಕಾ ಕೂಡ ಅದೇ ಗುಂಪಿಗೆ ಸೇರಿತು. ಅಂದರೆ ಕಲ್ನಾರಿನ ಪಕ್ಕದ ಸೀಟಿನಲ್ಲಿ ಕೂತಿರೋದು ಬೆಣಚುಕಲ್ಲು.

ಗಣಿಯ ಯಜಮಾನರಿಗೆ ಧೂಳಿನ ವಿಷಯ ಗೊತ್ತಿರಲಿಲ್ವಾ? ಈ ಪ್ರಶ್ನೆ ಬಂದಾಗ ನಾನು ಒಂದು ವರ್ಷವನ್ನ ನೆನಪಿಸಿಕೊಳ್ತೀನಿ, 1904. ಕೋಲಾರದ ಗಣಿಗಳನ್ನ 1880ರಿಂದ ನಡೆಸಿದ್ದು ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್. ಅವರು ಇಲ್ಲಿಗೆ ಕರೆತಂದ ನುರಿತ ಗಣಿಗಾರರಲ್ಲಿ ಬಹಳ ಜನ ಇಂಗ್ಲೆಂಡಿನ ನೈಋತ್ಯ ಮೂಲೆಯ ಕಾರ್ನ್‌ವಾಲ್‌ನವರು. ಆ ಕಾರ್ನ್‌ವಾಲ್ ಗಣಿಗಾರರು ಯಾಕೆ ಇಷ್ಟು ಬೇಗ ಸಾಯ್ತಿದ್ದಾರೆ ಅಂತ ಜೆ. ಎಸ್. ಹಾಲ್ಡೇನ್ ಅನ್ನೋ ವಿಜ್ಞಾನಿಯ ತಂಡ ತನಿಖೆ ಮಾಡಿ, 1904ರಲ್ಲಿ ಬ್ರಿಟಿಷ್ ಸರ್ಕಾರಕ್ಕೆ ವರದಿ ಕೊಟ್ಟಿತು. ಕಾರಣ ಕಲ್ಲಿನ ಧೂಳು. ಒಣಗಿದ ಬಂಡೆಗೆ ಯಂತ್ರದ ಡ್ರಿಲ್ ಹಿಡಿದಾಗ ಏಳೋ ಧೂಳು. ಪರಿಹಾರವೂ ಸರಳ, ಡ್ರಿಲ್‌ಗೆ ನೀರು ಹಾಯಿಸಿ. 1912ರ ಹೊತ್ತಿಗೆ ದಕ್ಷಿಣ ಆಫ್ರಿಕಾದ ಚಿನ್ನದ ಗಣಿಗಳಿಗೆ ಈ ರೋಗಕ್ಕಾಗಿಯೇ ಪರಿಹಾರದ ಕಾನೂನು ಬಂದಾಗಿತ್ತು. ಮೈಸೂರು ಸಂಸ್ಥಾನದಲ್ಲಿ ಸಿಲಿಕೋಸಿಸ್ ನಿಯಮಗಳು ಬಂದದ್ದು 1940ರಲ್ಲಿ. ಗಣಿಯ ಯಂತ್ರ, ಗಣಿಯ ಕ್ಯಾಪ್ಟನ್, ಗಣಿಯ ಶೇರು ಎಲ್ಲ ಹಡಗಿನಲ್ಲಿ ಕೆಲವೇ ವಾರಗಳಲ್ಲಿ ಬರ್ತಿದ್ದವು. ಈ ಒಂದು ತಿಳಿವಳಿಕೆ ಬರೋಕೆ ಮಾತ್ರ 36 ವರ್ಷ ಬೇಕಾಯ್ತು.

ನಡುವೆ, 1930ರಲ್ಲಿ, ಒಂದು ಘಟನೆ ನಡೆಯಿತು. ಕಾರ್ಮಿಕರ ಗುರುತಿಗೆ ಹೆಬ್ಬೆಟ್ಟಿನ ಗುರುತು ತಗೊಳ್ಳೋ ಯೋಜನೆ ತಂದರು. ಕಾರ್ಮಿಕರು, ಅವರಲ್ಲಿ ಹೆಚ್ಚಿನವರು ಉತ್ತರ ಆರ್ಕಾಟಿನಿಂದ ಬಂದ ದಲಿತ ತಮಿಳರು, ಹೆಬ್ಬೆಟ್ಟು ಒತ್ತೋಕೆ ನಾವೇನು ಕಳ್ಳರಾ ಅಂತ ಗಣಿಗೆ ಇಳಿಯೋದನ್ನೇ ನಿಲ್ಲಿಸಿದರು. ಮುಷ್ಕರ ಮೂರು ವಾರ ನಡೆಯಿತು. ಕೋಲಾರದ ಕಾರ್ಮಿಕ ಇತಿಹಾಸದಲ್ಲಿ ಇದು ದೊಡ್ಡ ಅಧ್ಯಾಯ, ಜಾನಕಿ ನಾಯರ್ ಅವರ ಪುಸ್ತಕ ಓದಿದವರಿಗೆ ಗೊತ್ತಿರುತ್ತೆ. ನನಗೆ ಇದು ಬೇರೆ ಕಾರಣಕ್ಕೆ ಕಾಡುತ್ತೆ. ಪ್ರತಿಯೊಬ್ಬನ ಹೆಬ್ಬೆರಳಿನ ಗೆರೆ ಫೈಲಿನಲ್ಲಿ ಇರಬೇಕು ಅನ್ನೋ ಆಸೆ ಇದ್ದ ಆಡಳಿತಕ್ಕೆ, ಅದೇ ಮನುಷ್ಯನ ಎದೆಯೊಳಗಿನ ಗೆರೆಗಳನ್ನ ಎಣಿಸೋ ಆತುರ ಇರಲಿಲ್ಲ.

ಕೊನೆಗೂ ಎಣಿಸಿದರು. ಭಾರತದ ವೈದ್ಯ ಸಾಹಿತ್ಯದಲ್ಲಿ ಸಿಲಿಕೋಸಿಸ್‌ನ ಮೊದಲ ವರದಿ ಅಂತ ಸಾಮಾನ್ಯವಾಗಿ ಹೇಳೋದು 1934ರಲ್ಲಿ ಇದೇ ಕೋಲಾರದಿಂದ ಬಂದದ್ದನ್ನ. 1940ರ ದಶಕದಲ್ಲಿ ಇಲ್ಲಿ ದೊಡ್ಡ ಸಮೀಕ್ಷೆ ನಡೆಯಿತು. ನೋಡಿದ್ದು 7,653 ಕಾರ್ಮಿಕರನ್ನ. ಸಿಲಿಕೋಸಿಸ್ ಕಂಡದ್ದು ಶೇ. 43.7 ಜನರಲ್ಲಿ. ಇನ್ನೊಂದು ಸಲ ಓದಿ. ನೂರರಲ್ಲಿ ನಲವತ್ಮೂರಕ್ಕೂ ಹೆಚ್ಚು. ಇಂದಿಗೂ ನಮ್ಮ ಎಂಬಿಬಿಎಸ್ ಹುಡುಗರು ಸಿಲಿಕೋಸಿಸ್ ಪಾಠದಲ್ಲಿ ಕೋಲಾರದ ಹೆಸರು ಓದ್ತಾರೆ. ಪರೀಕ್ಷೆಗೆ ಬರೋ ಪ್ರಶ್ನೆ ಅದು. ಗಣಿಯಲ್ಲಿ ಬಂಡೆ ಸಿಡಿದು ಸತ್ತರೆ ಸೈರನ್ನು ಕೂಗುತ್ತಿತ್ತು, ಊರಿಗೇ ಗೊತ್ತಾಗುತ್ತಿತ್ತು. ಧೂಳಿಗೆ ಸತ್ತವನಿಗೆ ಸೈರನ್ನಿಲ್ಲ. ಅವನು ಕೆಮ್ಮುತ್ತಾ ಊರಿಗೆ ಹೋದ, ಅಷ್ಟೇ.

ಇಲ್ಲಿವರೆಗಿನದು ಗಣಿಯ ಒಳಗಿನ ಕಥೆ, ಅದು ಪುಸ್ತಕಗಳಲ್ಲಿದೆ. ಗಣಿ 2001ರ ಫೆಬ್ರವರಿ 28ಕ್ಕೆ ಮುಚ್ಚಿತು. ಮೂರು ಕಿಲೋಮೀಟರಿಗೂ ಆಳದ ಗುಂಡಿಗಳಿಗೆ ನೀರು ತುಂಬಿತು. ಒಳಗಿನ ಧೂಳು ಅಲ್ಲಿಗೆ ಅಡಗಿತು. ಆದರೆ ಹೊರಗೆ ರಾಶಿ ಹಾಕಿದ್ದು ಅದೇ ಬಂಡೆಯ ಹಿಟ್ಟನ್ನಲ್ವಾ? ಕೋಲಾರದ ಕಡೆ ಆಷಾಢ ಬಂತು ಅಂದರೆ ಮಳೆಗಿಂತ ಮೊದಲು ಗಾಳಿ. ನಮ್ಮಲ್ಲಿ ಒಳ್ಳೆ ಮಳೆ ಬರೋದು ಸೆಪ್ಟೆಂಬರ್, ಅಕ್ಟೋಬರ್‌ಗೆ. ಜೂನ್‌ನಿಂದ ಅಲ್ಲಿವರೆಗೆ ಪಶ್ಚಿಮದ ಗಾಳಿ ಒಣ ನೆಲದ ಮೇಲೆ ಬೀಸುತ್ತಲೇ ಇರುತ್ತೆ. ಗುಡ್ಡದ ಮೇಲೆ ಹುಲ್ಲು ಹುಟ್ಟೋದೇ ಕಷ್ಟ. ಗುಡ್ಡದ ಬುಡದಲ್ಲೇ ಗಣಿ ಲೈನ್‌ಗಳು, ಮನೆಗಳು, ಶಾಲೆಗಳು. ಆ ಕಾಲದಲ್ಲಿ ಅಲ್ಲಿನ ಹೆಂಗಸರು ಒಣಗೋಕೆ ಹಾಕಿದ ಬಟ್ಟೆ ಕೊಡವಿ ಒಳಗೆ ತರ್ತಾರೆ. ನೀರಿನ ಬಿಂದಿಗೆಗೆ ತಟ್ಟೆ ಮುಚ್ಚಿ, ತಟ್ಟೆ ಮೇಲೆ ಬಟ್ಟೆ ಮುಚ್ತಾರೆ. ಯಾರೂ ಹೇಳಿಕೊಟ್ಟ ವಿಜ್ಞಾನ ಅಲ್ಲ ಇದು.

ಹಾಗಾದರೆ ಗಣಿಗೆ ಇಳಿಯದೆ, ಪಕ್ಕದಲ್ಲಿ ಬರೀ ಬದುಕಿದ್ದಕ್ಕೆ ಕ್ಯಾನ್ಸರ್ ಬರಬಹುದಾ? ಕಲ್ನಾರಿನ ವಿಷಯದಲ್ಲಿ ಈ ಪ್ರಶ್ನೆಗೆ ಉತ್ತರ ಸಿಕ್ಕಿ ಅರವತ್ತು ವರ್ಷದ ಮೇಲಾಯ್ತು. ಉತ್ತರ ಸಿಕ್ಕಿದ ರೀತಿ ಸ್ವಾರಸ್ಯವಾಗಿದೆ, ಸ್ವಲ್ಪ ವಿವರವಾಗಿಯೇ ಹೇಳ್ತೀನಿ.

ದಕ್ಷಿಣ ಆಫ್ರಿಕಾದ ಕಿಂಬರ್ಲಿ ಊರು, 1950ರ ದಶಕ. ಅಲ್ಲೊಂದು ಟಿಬಿ ಆಸ್ಪತ್ರೆ. ಅದನ್ನ ನೋಡಿಕೊಳ್ತಿದ್ದ ಡಾಕ್ಟರ್ ಸ್ಲೆಗ್ಸ್‌ಗೆ ಒಂದು ವಿಚಿತ್ರ ಕಂಡಿತು. ಊರಿನ ಪೂರ್ವದಿಂದ ಬರೋ ರೋಗಿಗಳು ಟಿಬಿ ಔಷಧಿಗೆ ಗುಣ ಆಗ್ತಾರೆ. ಪಶ್ಚಿಮದಿಂದ ಬರೋರಲ್ಲಿ ಕೆಲವರು ಆಗಲ್ಲ, ಎದೆಯಲ್ಲಿ ನೀರು ತುಂಬಿ ಸಾಯ್ತಾರೆ. ಪಶ್ಚಿಮಕ್ಕೆ ಏನಿದೆ? ನೀಲಿ ಕಲ್ನಾರಿನ ಬೆಟ್ಟಗಳು. ರೋಗಶಾಸ್ತ್ರಜ್ಞ ಕ್ರಿಸ್ ವ್ಯಾಗ್ನರ್ ಆ ಗಡ್ಡೆಗಳನ್ನ ಸೂಕ್ಷ್ಮದರ್ಶಕದಲ್ಲಿ ನೋಡಿ ಮೀಸೋಥೀಲಿಯೋಮಾ ಅಂದ. ಅದು ಶ್ವಾಸಕೋಶವನ್ನ ಸುತ್ತಿಕೊಂಡಿರೋ ಪೊರೆಯ ಕ್ಯಾನ್ಸರ್, ಅಲ್ಲಿವರೆಗೆ ಅದು ಇದೆಯೋ ಇಲ್ವೋ ಅಂತಲೇ ವೈದ್ಯರು ಜಗಳ ಆಡ್ತಿದ್ದಷ್ಟು ಅಪರೂಪದ್ದು. 1960ರಲ್ಲಿ ಅವರ ಲೇಖನ ಪ್ರಕಟವಾಯ್ತು, 33 ರೋಗಿಗಳ ವಿವರದ ಜೊತೆ. ಅವರಲ್ಲಿ ಬಹಳ ಜನ ಗಣಿ ಕಾರ್ಮಿಕರೇ ಅಲ್ಲ. ಗಣಿಯ ಹತ್ತಿರ ಹುಟ್ಟಿ ಬೆಳೆದವರು, ಸಣ್ಣವರಿದ್ದಾಗ ಅಲ್ಲಿ ಆಡಿ, ಆಮೇಲೆ ಬೇರೆ ಕಡೆ ಹೋಗಿ ಬೇರೆ ಕೆಲಸ ಹಿಡಿದವರು. ಬಾಲ್ಯದ ವಿಳಾಸವೇ ರೋಗದ ಕಾರಣ.

ಆಸ್ಟ್ರೇಲಿಯಾದ ವಿಟ್‌ನೂಮ್ ಇನ್ನೊಂದು ಉದಾಹರಣೆ. 1943ರಿಂದ 1966ರವರೆಗೆ ಅಲ್ಲಿ ನೀಲಿ ಕಲ್ನಾರು ತೆಗೆದರು. ಗಣಿಯ ಹೊಟ್ಟನ್ನ ಊರಿನ ರಸ್ತೆಗೆ, ಅಂಗಳಕ್ಕೆ, ಶಾಲೆಯ ಮೈದಾನಕ್ಕೆ ಹಾಸಿದರು. ಕೆಸರಾಗಲ್ಲ ನೋಡಿ, ಅದಕ್ಕೆ. ಆ ಊರಿನ ಹೆಂಗಸರು, ಮಕ್ಕಳು ದಶಕಗಳ ನಂತರ ಮೀಸೋಥೀಲಿಯೋಮಾದಿಂದ ಸತ್ತರು. 2007ರಲ್ಲಿ ಸರ್ಕಾರ ಊರಿನ ಹೆಸರನ್ನೇ ಅಧಿಕೃತ ಪಟ್ಟಿಯಿಂದ ತೆಗೆಯಿತು.

ಕಿಂಬರ್ಲಿ, ವಿಟ್‌ನೂಮ್‌ನ ಜನರಿಗೆ ಒಂದು ಕ್ರೂರವಾದ ಅನುಕೂಲ ಇತ್ತು. ಕಲ್ನಾರು ಕೊಂದ ಮೇಲೆ ಸಹಿ ಹಾಕಿ ಹೋಗುತ್ತೆ. ಮೀಸೋಥೀಲಿಯೋಮಾ ಬೇರೆ ಕಾರಣಕ್ಕೆ ಬರೋದು ತೀರಾ ಅಪರೂಪ. ಒಂದು ಸಣ್ಣ ಊರಲ್ಲಿ ಮೂರು ಜನಕ್ಕೆ ಬಂದರೂ ಡಾಕ್ಟರು ತಲೆ ಎತ್ತಿ ನೋಡ್ತಾರೆ, ನೀವು ಎಲ್ಲಿ ಬೆಳೆದಿರಿ ಅಂತ ಕೇಳ್ತಾರೆ. ಬೆಣಚುಕಲ್ಲಿಗೆ ಆ ಅಭ್ಯಾಸ ಇಲ್ಲ. ಸಿಲಿಕಾ ತರೋ ಶ್ವಾಸಕೋಶದ ಕ್ಯಾನ್ಸರ್ ನೋಡೋಕೆ ಬೀಡಿ ತಂದ ಕ್ಯಾನ್ಸರ್ ಥರವೇ ಇರುತ್ತೆ. ಸಿಲಿಕೋಸಿಸ್ ಎಕ್ಸ್‌ರೇಯಲ್ಲಿ ಟಿಬಿ ಥರ ಕಾಣುತ್ತೆ, ಎಷ್ಟೋ ಸಲ ಟಿಬಿಯೂ ಜೊತೆಗೇ ಇರುತ್ತೆ. ಕೆಮ್ಮುತ್ತಾ ಬಂದ ಗಂಡಸನ್ನ ಕೇಳೋದು ಬೀಡಿ ಸೇದ್ತೀಯಾ ಅಂತ. ಸೇದ್ತೀನಿ ಅಂದರೆ ಅಲ್ಲಿಗೆ ತನಿಖೆ ಮುಗೀತು. ಹೆಂಗಸಾದರೆ ಸೌದೆ ಒಲೆಯ ಹೊಗೆ. ಎರಡೂ ಸುಳ್ಳಲ್ಲ, ಅದೇ ತೊಂದರೆ. ನಿಜವಾದ ಇನ್ನೊಂದು ಕಾರಣದ ಹಿಂದೆ ಧೂಳು ಆರಾಮಾಗಿ ನಿಂತುಕೊಳ್ಳುತ್ತೆ.

ಅಳತೆ ಬಿಟ್ಟು ಮಾತಾಡಬಾರದು. ಗಣಿಯೊಳಗೆ ಎಂಟು ಗಂಟೆ ಡ್ರಿಲ್ ಹಿಡಿದವನು ಉಸಿರಾಡಿದ ಧೂಳು ಬೇರೆ, ಗುಡ್ಡದ ಪಕ್ಕ ಮನೆ ಮಾಡಿದವರದ್ದು ಬೇರೆ. ಎರಡನೆಯದು ಎಷ್ಟೋ ಪಾಲು ಕಡಿಮೆ. ಗುಡ್ಡದ ಹಿಟ್ಟೆಲ್ಲ ಐದು ಮೈಕ್ರಾನ್ ಅಲ್ಲ, ಅದರಲ್ಲಿ ಒಂದು ಪಾಲು ಮಾತ್ರ. ಹೊಸದಾಗಿ ಒಡೆದ ಬೆಣಚಿನ ಮುಖ ಜೀವಕೋಶಗಳಿಗೆ ಹೆಚ್ಚು ಉಗ್ರ, ವರ್ಷಗಳು ಕಳೆದ ಹಾಗೆ ಆ ಉಗ್ರತೆ ಇಳಿಯುತ್ತೆ ಅಂತಲೂ ಪ್ರಯೋಗಗಳು ತೋರಿಸಿವೆ. 1997ರ ತೀರ್ಮಾನ ನಿಂತಿರೋದು ಕಾರ್ಮಿಕರ ಮೇಲಿನ ಅಧ್ಯಯನಗಳ ಮೇಲೆ. ಆದ್ದರಿಂದ ರಾಬರ್ಟ್‌ಸನ್‌ಪೇಟೆಯ ಪ್ರತಿ ಕೆಮ್ಮಿಗೂ ಗುಡ್ಡವೇ ಕಾರಣ ಅನ್ನೋರ ಜೊತೆ ನಾನಿಲ್ಲ.

ಆದರೆ ಗಣಿಗೆ ಇಳಿಯದವರಿಗೆ ಸಿಲಿಕಾದಿಂದ ಏನೂ ಆಗಲ್ಲ ಅನ್ನೋರಿಗೆ ಲಡಾಖ್ ತೋರಿಸಬೇಕು. ಲೇಹ್ ಹತ್ತಿರದ ಸಿಂಧೂ ಕಣಿವೆಯ ಕೆಲವು ಹಳ್ಳಿಗಳು. ಗಣಿ ಇಲ್ಲ, ಕಾರ್ಖಾನೆ ಇಲ್ಲ. ಬೈಕ್ ಟ್ರಿಪ್ ಹೋದಾಗ ಆಹಾ ಎಂಥಾ ಶುದ್ಧ ಗಾಳಿ ಅಂತ ನಾವು ಸ್ಟೇಟಸ್ ಹಾಕೋ ಜಾಗ. ಅಲ್ಲಿ ವಸಂತಕಾಲದಲ್ಲಿ ಧೂಳಿನ ಬಿರುಗಾಳಿ ಬರುತ್ತೆ. 1991ರಲ್ಲಿ ಪ್ರಕಟವಾದ ಅಧ್ಯಯನಗಳಲ್ಲಿ ಆ ಹಳ್ಳಿಗರ ಎಕ್ಸ್‌ರೇ ತೆಗೆದರೆ ಗಣಿ ಕಾರ್ಮಿಕರ ಎದೆಯ ಹಾಗೆ ಕಾಣಿಸಿತು. ಧೂಳು ಹೆಚ್ಚು ಬರೋ ಹಳ್ಳಿಯಲ್ಲಿ ಹೆಚ್ಚು, ಕಡಿಮೆ ಬರೋ ಹಳ್ಳಿಯಲ್ಲಿ ಕಡಿಮೆ. ಹೆಂಗಸರಲ್ಲೂ ಇತ್ತು. ಸಿಲಿಕಾಗೆ ಮಸ್ಟರ್ ರೋಲ್ ನೋಡಿ ಒಳಗೆ ಹೋಗೋ ಪದ್ಧತಿ ಇಲ್ಲ.

ಕಾನೂನಿಗೆ ಮಾತ್ರ ಇದೆ. ಕಾರ್ಮಿಕರ ಪರಿಹಾರದ ಕಾನೂನಿನಲ್ಲಿ ಔದ್ಯೋಗಿಕ ರೋಗಗಳ ಪಟ್ಟಿ ಇದೆ. ಸಿಲಿಕೋಸಿಸ್ ಇದೆ, ಅದರ ಜೊತೆಗೆ ಬರೋ ಟಿಬಿಯೂ ಇದೆ. ಕಲ್ನಾರಿನಿಂದ ಬರೋ ಶ್ವಾಸಕೋಶದ ಕ್ಯಾನ್ಸರ್, ಮೀಸೋಥೀಲಿಯೋಮಾ ಹೆಸರು ಹಿಡಿದು ಇವೆ. 1995ರಲ್ಲಿ ಸುಪ್ರೀಂ ಕೋರ್ಟ್ ಕಲ್ನಾರು ಉದ್ಯಮದವರು ಕಾರ್ಮಿಕರ ಆರೋಗ್ಯ ದಾಖಲೆಗಳನ್ನ 40 ವರ್ಷ ಇಟ್ಟುಕೊಳ್ಳಬೇಕು ಅಂದಿತು. ಎಲ್ಲವೂ ಕಾರ್ಮಿಕರಿಗೆ. ಕಾರ್ಮಿಕನ ಹೆಂಡತಿಗೆ, ಅವನ ಧೂಳಿನ ಅಂಗಿ ಒಗೆದವಳಿಗೆ, ಗುಡ್ಡದ ಮೇಲೆ ಜಾರುಬಂಡೆ ಆಡಿದ ಮಗನಿಗೆ ಆ ಪಟ್ಟಿಯಲ್ಲಿ ಜಾಗ ಇಲ್ಲ. ಅವರು ಕೆಲಸಕ್ಕೆ ಸೇರಿದವರಲ್ಲವಲ್ಲ.

ಎಣಿಕೆಯಲ್ಲೂ ಇದೇ ಸಮಸ್ಯೆ. ಬೆಂಗಳೂರಿನಲ್ಲಿ ಕಿದ್ವಾಯಿ ಸಂಸ್ಥೆ 1982ರಿಂದ ಜನಸಂಖ್ಯೆ ಆಧಾರಿತ ಕ್ಯಾನ್ಸರ್ ನೋಂದಣಿ ನಡೆಸುತ್ತೆ. ಲಕ್ಷಕ್ಕೆ ಇಷ್ಟು ಜನರಿಗೆ ಶ್ವಾಸಕೋಶದ ಕ್ಯಾನ್ಸರ್ ಅಂತ ಪೇಪರ್‌ನಲ್ಲಿ ಬರುತ್ತಲ್ಲ, ಆ ಲೆಕ್ಕ ಬರೋದು ಅಂಥ ನೋಂದಣಿಯಿಂದ. ಅದು ಬೆಂಗಳೂರು ನಗರದ ನಿವಾಸಿಗಳಿಗೆ ಸೀಮಿತ. ಕೆಜಿಎಫ್‌ನ ರೋಗಿ ರೈಲು ಹತ್ತಿ ಕಿದ್ವಾಯಿಗೆ ಬಂದರೆ ಆಸ್ಪತ್ರೆಯ ಪುಸ್ತಕದಲ್ಲಿ ಒಬ್ಬ ರೋಗಿ ಆಗ್ತಾನೆ. ಬೆಂಗಳೂರಿನ ಲೆಕ್ಕಕ್ಕೆ ಅವನು ಸೇರಲ್ಲ. ನೂರು ಕಿಲೋಮೀಟರ್ ದೂರದ ಅವನ ಊರಿಗೆ ಲೆಕ್ಕವೇ ಇಲ್ಲ.

ಇಷ್ಟೆಲ್ಲ ಈಗ ಯಾಕೆ ಬರೀತಿದ್ದೀನಿ ಅಂದರೆ, ಗುಡ್ಡಕ್ಕೆ ಮತ್ತೆ ಬೆಲೆ ಬಂದಿದೆ. ಆ ಹಿಟ್ಟಿನಲ್ಲಿ ಟನ್ನಿಗೆ ಒಂದು ಗ್ರಾಂಗಿಂತ ಕಡಿಮೆ ಚಿನ್ನ ಉಳಿದಿದೆ. ಹಿಂದೆ ಅದು ಯಾರಿಗೂ ಬೇಡವಾಗಿತ್ತು. ಇವತ್ತಿನ ಚಿನ್ನದ ರೇಟ್ ನೋಡಿದರೆ ಬೇಕು. 2024ರ ಜೂನ್‌ನಲ್ಲಿ, 13 ದಿಬ್ಬಗಳನ್ನ ಮತ್ತೆ ಸಂಸ್ಕರಿಸೋ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ಊರಲ್ಲಿ ಖುಷಿ ಇದೆ, ಇರಬೇಕಾದ್ದೇ. 2001ರ ನಂತರ ನಾಲ್ಕು ಗಂಟೆಗೆ ಎದ್ದು ರೈಲಿಗೆ ಓಡೋ ಜನಕ್ಕೆ ಊರಲ್ಲೇ ಕೆಲಸ ಅಂದರೆ ಸಣ್ಣ ಮಾತಲ್ಲ. ಗುಡ್ಡ ಕರಗಿ ಹೋದರೆ ಧೂಳೂ ಹೋಗುತ್ತಲ್ಲ ಅನ್ನೋ ವಾದದಲ್ಲೂ ಹುರುಳಿದೆ. ಸರಿಯಾಗಿ ಮಾಡಿದರೆ, ನೀರು ಹಾಯಿಸಿ ಕೆಸರಾಗಿಯೇ ಸಾಗಿಸಿದರೆ, ಉಳಿದ ಹೊಟ್ಟಿನ ಮೇಲೆ ಮಣ್ಣು ಹಾಸಿ ಗಿಡ ಹಿಡಿಸಿದರೆ, ಈಗಿರೋದಕ್ಕಿಂತ ಒಳ್ಳೆಯದೇ ಆಗಬಹುದು. ಬುಲ್ಡೋಜರ್ ಬಿಟ್ಟು ಒಣಗಿದ್ದನ್ನೇ ಲಾರಿಗೆ ತುಂಬಿದರೆ, ದಶಕಗಳಿಂದ ಗಟ್ಟಿಯಾಗಿ ಕೂತಿರೋ ಮೇಲ್ಪದರ ಒಡೆಯುತ್ತೆ. ಉಳಿದ ಚಿನ್ನ ಹಿಡಿಯೋಕೆ ಹಿಟ್ಟನ್ನ ಇನ್ನೂ ನುಣ್ಣಗೆ ಅರೆದರಂತೂ ಹಳೆಯ ಬೆಣಚಿಗೆ ಮತ್ತೆ ಹೊಸ ಮುಖ. ಸೈನೈಡ್ ಎಷ್ಟಿದೆ ಅಂತ ಸಾರ್ವಜನಿಕ ಸಭೆಯಲ್ಲಿ ಯಾರಾದರೂ ಕೇಳೇ ಕೇಳ್ತಾರೆ, ಹೆಸರೇ ಅದಲ್ವಾ. ಗಾಳಿಯಲ್ಲಿ ಉಸಿರಿಗೆ ಸೇರೋ ಸಿಲಿಕಾ ಎಷ್ಟು, ಯಾವ ತಿಂಗಳಲ್ಲಿ, ಯಾವ ಶಾಲೆಯ ಅಂಗಳದಲ್ಲಿ ಅಂತ ಕೇಳೋರು ಬೇಕು. ಅದನ್ನ ಮೊದಲ ಲಾರಿ ಹೊರಡೋ ಮುಂಚೆ ಅಳೆಯಬೇಕು. ಆಮೇಲೆ ಅಳೆದರೆ ಹೋಲಿಸೋಕೆ ಏನೂ ಇರಲ್ಲ.

ಜನರ ಪಟ್ಟಿಯೂ ಬೇಕು. ಲಕ್ಷ ಜನರನ್ನ ಎಲ್ಲಿ ಹುಡುಕೋದು ಅಂತ ಅಧಿಕಾರಿಗಳು ಹೇಳಬಹುದು. ವಿಟ್‌ನೂಮ್‌ನಲ್ಲಿ ಗಣಿ ಮುಚ್ಚಿ ಜನ ಚದುರಿದ ಎಷ್ಟೋ ವರ್ಷಗಳ ಮೇಲೆ, ಅಲ್ಲಿ ಕೆಲಸ ಮಾಡದೆ ಬರೀ ವಾಸ ಇದ್ದ 4,600ಕ್ಕೂ ಹೆಚ್ಚು ಜನರನ್ನ ಸಂಶೋಧಕರು ಹುಡುಕಿ, ಯಾರಿಗೆ ಏನಾಯ್ತು ಅಂತ ದಶಕಗಳ ಕಾಲ ಹಿಂಬಾಲಿಸಿದರು. ಅವರ ಹತ್ತಿರ ಇದ್ದದ್ದು ಹಳೆಯ ಶಾಲಾ ದಾಖಲಾತಿ, ಆಸ್ಪತ್ರೆಯ ಪುಸ್ತಕ, ಮತದಾರರ ಪಟ್ಟಿಯಂಥ ಕಾಗದಗಳು. ರಾಬರ್ಟ್‌ಸನ್‌ಪೇಟೆಯಲ್ಲಿ, ಚಾಂಪಿಯನ್ ರೀಫ್‌ನಲ್ಲಿ, ಮಾರಿಕುಪ್ಪಂನಲ್ಲಿ ಶತಮಾನದಿಂದ ಶಾಲೆಗಳಿವೆ, ಚರ್ಚುಗಳಿವೆ. ದಾಖಲಾತಿ ಪುಸ್ತಕ ಅಂದರೆ ಮಗುವಿನ ಹೆಸರು, ಹುಟ್ಟಿದ ದಿನ, ಅಪ್ಪನ ಹೆಸರು, ಅಪ್ಪನ ಕೆಲಸ, ಮನೆ ಇರೋ ಲೈನ್. ಪ್ರತಿ ಸಾಲಿನ ಕೊನೆಗೆ ಪೋಷಕರ ಸಹಿ, ಇಲ್ಲವೇ ಹೆಬ್ಬೆಟ್ಟು.